ಮಂಜುಗಡ್ಡೆಯ ಮೇಲೆ ಒಂದು ಚಿಕ್ಕ ನಾಡು

ಯೂರೋಪ್ ಖಂಡದ ನಕಾಶೆಯಲ್ಲಿ ಬಾಲ್ಟಿಕ್ ಸಮುದ್ರದ ಮೂಡಣ ತೀರವನ್ನು ನೋಡಿದರೆ ಮೂರು ಚಿಕ್ಕ ದೇಶಗಳು ಒಂದರ ಕೆಳಗೊಂದು ಇರುವುದು ಕಾಣಬರುವುದು. ಮೇಲಿನದು ಎಸ್ಟೋನಿಯಾ, ಕೆಳಗಿನದು ಲಿಥುವೇನಿಯಾ. ಇವೆರಡರ ನಡುವೆ ಇರುವುದೇ ಲಾಟ್ವಿಯಾ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲು. ಜನಸಂಖ್ಯೆಯಾದರೋ ಹತ್ತೊಂಬತ್ತು ಲಕ್ಷದೊಳಗೆ. ನಮ್ಮ ಹಾಸನ ಜಿಲ್ಲೆಯೊಂದರ ಜನಸಂಖ್ಯೆಗಿಂತ ಅದು ಬಹಳ ಹೆಚ್ಚೇನೂ ಅಲ್ಲ. ಇಂತಹ ನಾಡು ತನ್ನ ಇಪ್ಪತ್ತರ ಒಳಗಿನ ಹುಡುಗರನ್ನು ಕೂಡಿಸಿ, ನಾಲ್ಕು ಕೋಟಿ ಜನರುಳ್ಳ ಕೆನಡಾ ದೇಶದ ಹುಡುಗರ ಎದುರಿಗೆ, ಆ ಕೆನಡಾದವರು ತಮ್ಮದೇ ಎಂದು ಹೇಳಿಕೊಳ್ಳುವ ಆಟದಲ್ಲಿ, ಕೈಗೆ ಕೋಲು ಕೊಟ್ಟು ನಿಲ್ಲಿಸುವುದು ಏತಕ್ಕೆ? ಸೋಲು ಬಹುಮಟ್ಟಿಗೆ ಖಂಡಿತವೆಂದು ತಿಳಿದೂ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳ ಮನಸ್ಸು ಎಂತಹುದು? ಈ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಆ ನಾಡನ್ನು ನೋಡಿಬಂದೆವು. ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದೆ ಇಡುವೆವು.

ನಾವು ಅಲ್ಲಿದ್ದುದು ೨೦೨೫ನೆಯ ಇಸವಿಯ ಜನವರಿ ತಿಂಗಳ ಕಡೆಯಲ್ಲಿ. ರಾಜಧಾನಿಯಾದ ರೀಗಾ ಪಟ್ಟಣವು ದೌಗವಾ ನದಿಯ ದಡದಲ್ಲಿ, ನದಿಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಸಮೀಪದಲ್ಲಿದೆ. ೧೨೦೧ರಲ್ಲಿ ಕಟ್ಟಿದ ಊರು. ಹಿಂದೆ ಜರ್ಮನ್ ವರ್ತಕರು ಆಳಿದ ಹಳೆಯ ಪೇಟೆಯ ಕಲ್ಲುಹಾಸಿನ ಓಣಿಗಳೂ, ಚರ್ಚುಗಳ ಎತ್ತರವಾದ ಮೊನೆಗೋಪುರಗಳೂ ಇಂದಿಗೂ ಉಳಿದುಕೊಂಡಿವೆ. ಬೆಳಗ್ಗೆ ಎಂಟು ಗಂಟೆಯಾದರೂ ಬೀದಿಯಲ್ಲಿ ದೀಪಗಳು ಉರಿಯುತ್ತಿರುವುವು. ಮಧ್ಯಾಹ್ನದ ಊಟದ ಆಯಾಸ ಕಳೆಯುವಷ್ಟರಲ್ಲಿ ಮತ್ತೆ ಕತ್ತಲಾಗುವುದು. ಡಿಸೆಂಬರಿನಲ್ಲಿಯಂತೂ ಹಗಲು ಏಳು ಗಂಟೆಯೂ ಇರದು. ಇಂತಹ ನಾಡಿನಲ್ಲಿ ಚಳಿಗಾಲವನ್ನು ಕಳೆಯಲು ಒಂದು ಉಪಾಯ ಬೇಕೇ ಬೇಕು. ಆ ಜನರು ಎರಡು ಉಪಾಯಗಳನ್ನು ಕಂಡುಕೊಂಡಿರುವರು: ಒಂದು ಹಾಡು, ಇನ್ನೊಂದು ಮಂಜುಗಡ್ಡೆಯ ಹಾಕಿ.

ಅವರ ಹಾಡಿನ ಮಾತು ಬಂದಾಗ ಭಾಷೆಯ ವಿಷಯವಾಗಿ ಒಂದೆರಡು ಮಾತು ಹೇಳದಿರಲಾರೆವು. ಲಾಟ್ವಿಯನ್ನರ ನುಡಿಯು ನಮ್ಮ ಸಂಸ್ಕೃತಕ್ಕೆ ದೂರದ ದಾಯಾದಿ. ಅವರು ದೇವರನ್ನು 'ದಿಯೆವ್ಸ್' ಎನ್ನುವರು. ಅಗ್ನಿಯನ್ನು 'ಉಗುನ್ಸ್' ಎನ್ನುವರು. ಧೂಮವು ಅವರಲ್ಲಿ 'ದೂಮಿ'. ಚಳಿಗಾಲಕ್ಕೆ ಅವರು ಹೇಳುವ 'ಜಿಯೆಮ' ಎಂಬ ಮಾತೂ ನಮ್ಮ 'ಹಿಮ'ವೂ ಒಂದೇ ಬೇರಿನಿಂದ ಹುಟ್ಟಿದುವು. ಈ ನುಡಿಯಲ್ಲಿ ಹಳ್ಳಿಯ ಹೆಂಗಸರು ಹಾಡುತ್ತಿದ್ದ ನಾಲ್ಕು ಸಾಲಿನ ಹಾಡುಗಳಿಗೆ 'ದೈನ'ಗಳೆಂದು ಹೆಸರು. ಕ್ರಿಶ್ಯಾನಿಸ್ ಬಾರೊನ್ಸ್ ಎಂಬ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಅವನ್ನು ಚಿಕ್ಕ ಚಿಕ್ಕ ಚೀಟಿಗಳಲ್ಲಿ ಬರೆದು, ಅದಕ್ಕೆಂದೇ ಮಾಡಿಸಿದ ಬೀರುವಿನ ಸೆಳೆಖಾನೆಗಳಲ್ಲಿ ಜೋಡಿಸಿ ಇಟ್ಟರು. ಅವರು ಕೂಡಿಸಿದ ಹಾಡುಗಳ ಸಂಖ್ಯೆ ಎರಡು ಲಕ್ಷಕ್ಕೂ ಮೇಲೆ. ಆ ಬೀರುವು ಈಗಲೂ ರೀಗಾದಲ್ಲಿದೆ. ಸ್ವಲ್ಪವೇ ಉಳ್ಳವನು ಒಂದೊಂದು ಕಾಸನ್ನೂ ಎಣಿಸಿ ಗಂಟು ಕಟ್ಟುವಂತೆ ಈ ಚಿಕ್ಕ ಜನಾಂಗವು ತನ್ನ ಒಂದೊಂದು ಹಾಡನ್ನೂ ಎಣಿಸಿ ಇಟ್ಟುಕೊಂಡಿತು. ತನ್ನ ಮಕ್ಕಳನ್ನೂ ಅದು ಹಾಗೆಯೇ ಎಣಿಸುವುದೆಂಬುದು ನಮಗೆ ಮುಂದೆ ತಿಳಿಯಿತು.

ಇನ್ನು ಆಟದ ವಿಷಯ. ಹಾಕಿ ಎಂದರೆ ನಮ್ಮವರಿಗೆ ಕೊಡಗಿನ ಮೈದಾನಗಳೂ, ಹುಲ್ಲಿನ ಮೇಲೆ ಓಡುವ ಬಿಳಿಯ ಚೆಂಡೂ ನೆನಪಿಗೆ ಬರುವುವು. ಅಲ್ಲಿಯದು ಬೇರೆ. ಸುಮಾರು ಅರವತ್ತು ಮೀಟರು ಉದ್ದದ ಅಂಗಣದಲ್ಲಿ, ನೆಲದಡಿಯ ಕೊಳವೆಗಳಲ್ಲಿ ಶೀತದ್ರವವನ್ನು ಹರಿಸಿ, ಮೇಲೆ ನೀರು ಬಿಟ್ಟು ಹೆಪ್ಪುಗಟ್ಟಿಸಿರುವರು. ಸುತ್ತಲೂ ಎದೆಯೆತ್ತರದ ಹಲಗೆಯ ಗೋಡೆ. ಆಡುವವರ ಬೂಟಿನಡಿಯಲ್ಲಿ ಉಕ್ಕಿನ ಅಲಗು. ಚೆಂಡಿಗೆ ಬದಲಾಗಿ ಮೂರಂಗುಲ ಅಗಲ, ಒಂದಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ 'ಪಕ್' ಎಂದು ಹೆಸರು. ಒಂದೊಂದು ಪಕ್ಷದಲ್ಲಿ ಗೋಲಿನ ಕಾವಲುಗಾರನೂ ಸೇರಿ ಆರು ಜನರು ಅಂಗಣದಲ್ಲಿರುವರು. ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಭಾಗ. ಓಟವು ಎಷ್ಟು ವೇಗವೆಂದರೆ, ಒಬ್ಬ ಹುಡುಗನು ಒಂದು ನಿಮಿಷದಷ್ಟು ಹೊತ್ತು ಆಡುವುದರೊಳಗಾಗಿ ಉಸಿರುಗಟ್ಟಿ ಹಲಗೆಯಾಚೆಗೆ ಹೋಗಿ ಕುಳಿತುಕೊಳ್ಳುವನು; ಅವನ ಬದಲು ಮತ್ತೊಬ್ಬನು ಹಲಗೆಯನ್ನು ಹಾರಿ ಒಳಕ್ಕೆ ಬರುವನು. ಆದುದರಿಂದ ಒಳ್ಳೆಯ ಐದು ಜನರಿದ್ದರೆ ಸಾಲದು. ಇಪ್ಪತ್ತು ಜನರಾದರೂ ಬೇಕು. ಚಿಕ್ಕ ನಾಡಿನ ಕಷ್ಟವು ಮೊದಲು ಇಲ್ಲಿಯೇ ಪ್ರಾರಂಭವಾಗುವುದು.

ನಾವು ಇಳಿದುಕೊಂಡಿದ್ದ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದನು; ಅವನ ತಾಯಿಯೂ ಅಜ್ಜಿಯೂ ಇದ್ದರು. ತಾಯಿಗೆ ಇಂಗ್ಲಿಷು ಬರುತ್ತಿದ್ದುದರಿಂದ ಅಜ್ಜಿಯ ಮಾತು ನಮಗೆ ಆಕೆಯ ಮೂಲಕ ತಿಳಿಯುತ್ತಿತ್ತು. ಒಂದು ದಿನ ಬೆಳಗಿನ ಆರು ಗಂಟೆಗೆ ಅವರ ಜೊತೆಯಲ್ಲಿ ಹುಡುಗನ ಅಭ್ಯಾಸವನ್ನು ನೋಡಲು ಹೋದೆವು. ಹೊರಗೆ ಕಾರ್ಗತ್ತಲು, ಕಾಲಿನಡಿಯಲ್ಲಿ ಹಿಮ. ಒಳಗೆ ಹುಡುಗರು ತಮಗಿಂತ ದೊಡ್ಡದಾದ ಚೀಲಗಳನ್ನು ಎಳೆದುಕೊಂಡು ಬರುತ್ತಿದ್ದರು. ಅಜ್ಜಿಯು ಬಗ್ಗಿ, ಮೊಮ್ಮಗನ ಬೂಟಿನ ದಾರವನ್ನು ಮೊಳಕಾಲಿನ ಮೇಲಿಟ್ಟುಕೊಂಡು ಬಿಗಿದರು. ಆ ಬೂಟು ಅವರ ನೆಂಟರ ಮನೆಯ ಹುಡುಗನದು. ಅವನ ಕಾಲು ಬೆಳೆದುದರಿಂದ ಇವನಿಗೆ ಬಂದಿತ್ತು. ಇವನ ಕಾಲು ಬೆಳೆದ ಮೇಲೆ ಇನ್ನೊಬ್ಬನಿಗೆ ಹೋಗಲಿತ್ತು. ಮಕ್ಕಳ ಕಾಲಿಗಿಂತ ಬೇಗ ಬೆಳೆಯುವುದು ಲೋಕದಲ್ಲಿ ಮತ್ತಾವುದೂ ಇಲ್ಲವೆಂದು ಆ ತಾಯಿ ಹೇಳಿದ ಮಾತು ಯಾವ ದೇಶದ ಗೃಹಿಣಿಗಾದರೂ ಸಲ್ಲುವುದು. ಅಭ್ಯಾಸ ಮುಗಿಸಿ ಹುಡುಗರು ನೇರವಾಗಿ ಶಾಲೆಗೆ ಹೋದರು. ಹಿಂದಿರುಗುವಾಗ ನಾವು ಸಂತೆಯ ಕಡೆಯಿಂದ ಬಂದೆವು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ತಮ್ಮ ಜೆಪ್ಪೆಲಿನ್ ಆಕಾಶನೌಕೆಗಳಿಗೆಂದು ಕಟ್ಟಿದ್ದ ಕೊಟ್ಟಿಗೆಗಳ ಸಾಮಾನನ್ನು ತಂದು ಕಟ್ಟಿ, ೧೯೩೦ರಲ್ಲಿ ತೆರೆದ ಸಂತೆ ಅದು. ಯುದ್ಧದ ಕೊಟ್ಟಿಗೆಯಲ್ಲಿ ಈಗ ಮೀನು, ಜೇನು, ಉಪ್ಪಿನ ಸೌತೆಕಾಯಿ, ರೈ ಧಾನ್ಯದ ಕಪ್ಪು ರೊಟ್ಟಿ ಮಾರುವರು.

ಮನೆಗೆ ಬಂದು ಆ ರೊಟ್ಟಿಯನ್ನು ತಿನ್ನುತ್ತ ಕುಳಿತಿದ್ದಾಗ ನಾವು ಮೇಲೆ ಹೇಳಿದ ಪ್ರಶ್ನೆಯನ್ನು ಅಜ್ಜಿಯ ಮುಂದಿಟ್ಟೆವು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ತಿಳಿಸಬೇಕು.

ವರ್ಷವರ್ಷವೂ ಕ್ರಿಸ್ಮಸ್ಸಿನ ಮಾರನೆಯ ದಿನದ ವೇಳೆಗೆ ಪ್ರಾರಂಭವಾಗಿ ಹೊಸ ವರ್ಷದ ಮೊದಲ ವಾರದಲ್ಲಿ ಮುಗಿಯುವ ಕಿರಿಯರ ಜಗತ್ಪಂದ್ಯವೊಂದುಂಟು. ಅದರ ಮೇಲಂತಸ್ತಿನಲ್ಲಿ ಹತ್ತು ದೇಶಗಳಿಗೆ ಮಾತ್ರ ಸ್ಥಳ. ಅದರ ಕೆಳಗೆ ಏಣಿಯ ಮೆಟ್ಟಿಲುಗಳಂತೆ ಬೇರೆ ಬೇರೆ ಅಂತಸ್ತುಗಳಿವೆ. ಮೇಲೆ ಕಡೆಯವನಾದವನು ಮುಂದಿನ ವರ್ಷ ಕೆಳಗಿಳಿಯಬೇಕು. ಕೆಳಗೆ ಮೊದಲನೆಯವನಾದವನು ಮೇಲೇರುವನು. ಲಾಟ್ವಿಯದ ಹುಡುಗರು ೨೦೦೬ರಲ್ಲಿ ಮೊದಲ ಸಲ ಮೇಲೇರಿದರು. ಏರಿದ ವರ್ಷವೇ ಇಳಿದರು. ೨೦೦೯ರಲ್ಲಿ ಮತ್ತೆ ಏರಿ ಉಳಿದುಕೊಂಡರು, ೨೦೧೦ರಲ್ಲಿ ಇಳಿದರು. ೨೦೧೨ರಲ್ಲಿ ಏರಿದರು, ೨೦೧೩ರಲ್ಲಿ ಇಳಿದರು. ೨೦೧೭ರಲ್ಲಿ ಏರಿ, ಒಂದು ಆಟವನ್ನೂ ಗೆಲ್ಲದೆ ಇಳಿದರು. ಈ ಏರಿಳಿತದಲ್ಲಿ ಎಲ್ಲಕ್ಕಿಂತ ಕಹಿಯಾದ ದಿನ ೨೦೦೯ರ ಡಿಸೆಂಬರ್ ೨೬. ಆ ದಿನ ಕೆನಡಾ ದೇಶದ ಸಾಸ್ಕಟೂನ್ ಎಂಬ ಊರಿನಲ್ಲಿ, ಆ ಊರಿನವರ ಮುಂದೆ, ಕೆನಡಾದ ಹುಡುಗರು ಇವರ ಮೇಲೆ ಹದಿನಾರು ಗೋಲುಗಳನ್ನು ಹೊಡೆದರು. ಇವರು ಹೊಡೆದುದು ಸೊನ್ನೆ. ಹದಿನೆಂಟು, ಹತ್ತೊಂಬತ್ತು ವರ್ಷದ ಹುಡುಗರು, ಮನೆಯಲ್ಲಿ ತಾಯಂದಿರು ನೋಡುತ್ತಿರುವರು, ಗಡಿಯಾರ ನಿಲ್ಲದು, ಬಿಟ್ಟು ಹೊರಟುಹೋಗುವಂತಿಲ್ಲ. ಇಂತಹ ಆಟಕ್ಕೆ ಮಕ್ಕಳನ್ನು ಕಳುಹಿಸುವುದು ಅವರ ಮನಸ್ಸನ್ನು ಮುರಿದಂತಲ್ಲವೆ ಎಂಬುದೇ ನಮ್ಮ ಪ್ರಶ್ನೆಯಾಗಿತ್ತು.

ಅಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದಿನ ನಮ್ಮ ಮನೆಯಲ್ಲಿ ಯಾರೂ ಟೆಲಿವಿಷನ್ನನ್ನು ಆರಿಸಲಿಲ್ಲ" ಎಂದರು. ಮತ್ತೆ ಹೇಳಿದರು: "ಆಡದಿದ್ದರೆ ಸೋಲೇ ಇರುತ್ತಿರಲಿಲ್ಲ, ನಿಜ. ಆದರೆ ಆ ಹಲಗೆಯ ಮೇಲೆ ನಮ್ಮ ದೇಶದ ಹೆಸರೂ ಇರುತ್ತಿರಲಿಲ್ಲ. ನಾನು ಹುಟ್ಟಿ ನಲವತ್ತು ವರ್ಷವಾಗುವ ತನಕ ಅದು ಎಲ್ಲಿಯೂ ಇರಲಿಲ್ಲ. ಹೆಸರಿನ ಮುಂದೆ ಸೊನ್ನೆಯಿದ್ದರೆ ಅದನ್ನು ಒಂದು ಮಾಡಬಹುದು. ಹೆಸರೇ ಇಲ್ಲದಿದ್ದರೆ ಏನು ಮಾಡುವಿರಿ?"

ಈ ಮಾತಿನ ತೂಕವನ್ನು ತಿಳಿಯಬೇಕಾದರೆ ಆ ನಾಡಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಲಾಟ್ವಿಯಾ ಸ್ವತಂತ್ರವಾದುದು ೧೯೧೮ರ ನವೆಂಬರ್ ೧೮ರಂದು. ೧೯೩೧ರಲ್ಲಿ ಅದು ಅಂತರರಾಷ್ಟ್ರೀಯ ಮಂಜುಹಾಕಿ ಸಂಘವನ್ನು ಸೇರಿತು. ೧೯೩೬ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಡಿತು. ೧೯೪೦ರಲ್ಲಿ ಸೋವಿಯತ್ ರಷ್ಯವು ದೇಶವನ್ನು ನುಂಗಿತು. ನಡುವೆ ಜರ್ಮನರು ಬಂದರು. ಮತ್ತೆ ಸೋವಿಯತ್ತಿನವರು ಬಂದರು. ೧೯೪೯ರ ಮಾರ್ಚಿಯಲ್ಲಿ ಕೆಲವೇ ದಿನಗಳಲ್ಲಿ ನಲವತ್ತೆರಡು ಸಾವಿರ ಜನರನ್ನು, ಮುದುಕರು ಮಕ್ಕಳೆನ್ನದೆ, ರೈಲಿನಲ್ಲಿ ತುಂಬಿ ಸೈಬೀರಿಯಕ್ಕೆ ಸಾಗಿಸಿದರು. ಆ ರೈಲಿನಲ್ಲಿ ಈ ಅಜ್ಜಿಯ ತಾಯಿತಂದೆಗಳೂ ಇದ್ದರು. ಆಕೆ ಹುಟ್ಟಿದುದು ಅಲ್ಲಿಯೇ. ಪಟ್ಟಣದ ನಡುವೆ ೧೯೩೫ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯಸ್ತಂಭವೊಂದಿದೆ. ನಲವತ್ತೆರಡು ಮೀಟರ್ ಎತ್ತರ. ತುದಿಯಲ್ಲಿ ಮೂರು ನಕ್ಷತ್ರಗಳನ್ನು ಎತ್ತಿ ಹಿಡಿದ ಸ್ತ್ರೀಯ ವಿಗ್ರಹ. ಸೋವಿಯತ್ತಿನವರು ಅದನ್ನು ಕೆಡವಲಿಲ್ಲ; ಆದರೆ ಅದರ ಬುಡದಲ್ಲಿ ಹೂವಿಡುವುದೂ ಆ ಕಾಲದಲ್ಲಿ ಅಪಾಯದ ಕೆಲಸವಾಗಿತ್ತು.

ಆ ಐವತ್ತು ವರ್ಷಗಳಲ್ಲಿ ಆಟವೇನೋ ನಿಲ್ಲಲಿಲ್ಲ. ಮಾಸ್ಕೋದಲ್ಲಿ ಹುಟ್ಟಿದ ವಿಕ್ಟರ್ ಟಿಖೊನೊವ್ ಎಂಬವರು ೧೯೬೮ರಿಂದ ೧೯೭೭ರ ವರೆಗೆ ದಿನಾಮೊ ರೀಗಾ ತಂಡದ ಶಿಕ್ಷಕರಾಗಿದ್ದು, ಕೆಳ ಅಂತಸ್ತಿನಲ್ಲಿದ್ದ ಅದನ್ನು ಸೋವಿಯತ್ ದೇಶದ ಮೇಲಂತಸ್ತಿಗೆ ಏರಿಸಿದರು. ರೀಗಾದ ಹೆಲ್ಮುಟ್ಸ್ ಬಾಲ್ಡೆರಿಸ್ ಎಂಬ ಆಟಗಾರನ ವೇಗವನ್ನು ನೋಡಿ ಜನರು ಆತನಿಗೆ 'ಎಲೆಕ್ಟ್ರಿಕ್ ರೈಲು' ಎಂದು ಹೆಸರಿಟ್ಟರು. ೧೯೮೮ರಲ್ಲಿ ದಿನಾಮೊ ರೀಗಾ ಸೋವಿಯತ್ ದೇಶದಲ್ಲೆಲ್ಲ ಎರಡನೆಯದಾಯಿತು. ಆದರೆ ಜಗತ್ತಿನ ಪಂದ್ಯಗಳಲ್ಲಿ ಈ ಹುಡುಗರು ಗೆದ್ದರೂ ಸೋತರೂ ಎದೆಯ ಮೇಲಿನ ಅಕ್ಷರ ಬೇರೆಯವರದು. ೧೯೮೯ರ ಆಗಸ್ಟ್ ೨೩ರಂದು ಮೂರು ಬಾಲ್ಟಿಕ್ ನಾಡುಗಳ ಲಕ್ಷಾಂತರ ಜನರು ಕೈಗೆ ಕೈ ಕೂಡಿಸಿ, ತಾಲಿನ್ ಪಟ್ಟಣದಿಂದ ರೀಗಾ ಮಾರ್ಗವಾಗಿ ವಿಲ್ನಿಯಸ್‌ವರೆಗೆ ಆರುನೂರು ಕಿಲೋಮೀಟರಿನ ಮನುಷ್ಯಸರಪಳಿಯಾಗಿ ನಿಂತರು. ೧೯೯೧ರ ಜನವರಿಯಲ್ಲಿ ರೀಗಾದ ಬೀದಿಗಳಿಗೆ ಜನರು ಅಡ್ಡಗಟ್ಟೆ ಹಾಕಿ ಕಾವಲು ಕುಳಿತಾಗ, ಸೋವಿಯತ್ ತಂಡದ ಹೆಸರಾಂತ ಗೋಲುಕಾವಲುಗಾರನಾದ ಆರ್ತುರ್ಸ್ ಇರ್ಬೆಯೂ ಆ ಜನರ ನಡುವೆ ಇದ್ದನು. ಆ ವರ್ಷ ಆಗಸ್ಟಿನಲ್ಲಿ ಸ್ವಾತಂತ್ರ್ಯವು ಸ್ಥಿರವಾಯಿತು.

ಸ್ವಾತಂತ್ರ್ಯದೊಡನೆ ಹೆಸರು ಬಂದಿತು, ಸ್ಥಾನ ಬರಲಿಲ್ಲ. ಸೋವಿಯತ್ ತಂಡವಿದ್ದ ಮೇಲಿನ ಸ್ಥಾನವು ರಷ್ಯಕ್ಕೆ ಹೋಯಿತು. ಲಾಟ್ವಿಯದ ಹಿರಿಯರ ತಂಡವು ೧೯೯೩ರಲ್ಲಿ ಮೂರನೆಯ ಅಂತಸ್ತಿನಿಂದ ಪ್ರಾರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ೧೯೯೭ರಲ್ಲಿ ಮೇಲಂತಸ್ತನ್ನು ಸೇರಿತು. ೨೦೦೦ದಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆ ರಷ್ಯದ ತಂಡವನ್ನೇ ೩-೨ರಿಂದ ಸೋಲಿಸಿತು. ೨೦೦೬ರಲ್ಲಿ ಹಿರಿಯರ ಜಗತ್ಪಂದ್ಯವನ್ನು ನಡೆಸಲು ರೀಗಾದಲ್ಲಿ ಹತ್ತು ಸಾವಿರ ಜನರು ಕೂಡುವ ಮಂದಿರವನ್ನು ಕಟ್ಟಿದರು. ಆದರೆ ಹಿರಿಯರು ಎಷ್ಟು ದಿನ ಆಡಿಯಾರು? ಹಿಂದೆ ಬರುವ ಹುಡುಗರಿಲ್ಲದಿದ್ದರೆ ಅಂಗಣ ಬರಿದಾಗುವುದು. ಆದುದರಿಂದಲೇ ಆ ನಾಡಿನವರು ಕಿರಿಯರ ಪಂದ್ಯವನ್ನು, ರೈತನು ಮೊಳಕೆಯ ಪಾತಿಯನ್ನು ನೋಡುವಂತೆ, ಅಷ್ಟು ಆತಂಕದಿಂದ ನೋಡುವರು.

ಆತಂಕಕ್ಕೆ ಮತ್ತೊಂದು ಕಾರಣವೂ ಉಂಟು. ೧೯೮೯ರಲ್ಲಿ ಅಲ್ಲಿಯ ಜನಸಂಖ್ಯೆ ಇಪ್ಪತ್ತಾರು ಲಕ್ಷಕ್ಕೂ ಮೇಲಿತ್ತು. ಹಿಂದಿರುಗಿ ಹೋದವರು, ಹೊಟ್ಟೆಪಾಡಿಗೆ ಪಶ್ಚಿಮದ ದೇಶಗಳಿಗೆ ತೆರಳಿದವರು, ಹುಟ್ಟುವ ಮಕ್ಕಳು ಕಡಮೆಯಾದುದು, ಇವೆಲ್ಲ ಸೇರಿ ಮೂವತ್ತೈದು ವರ್ಷಗಳಲ್ಲಿ ಅದು ಮೂರರಲ್ಲೊಂದು ಪಾಲಿನಷ್ಟು ಇಳಿದುಹೋಯಿತು. ಆಟದಲ್ಲಿ ಜಾಣರಾದ ಹುಡುಗರಂತೂ ಹದಿನಾರು ತುಂಬುವುದರೊಳಗಾಗಿ ಸ್ವೀಡನ್, ಫಿನ್ಲೆಂಡ್, ಅಮೆರಿಕ, ಕೆನಡಾಗಳ ತಂಡಗಳನ್ನು ಸೇರಲು ಮನೆ ಬಿಡುವರು. ಊರಿನಲ್ಲಿಯೇ ಇದ್ದರೆ ಸಮಾನರಾದ ಎದುರಾಳಿಗಳು ಸಿಕ್ಕರು. ಹೊರಗೆ ಹೋದರೆ ಮನೆಯಿಲ್ಲ. ಮೊಮ್ಮಗನು ಹೋಗುವ ದಿನ ಬಂದರೆ ಏನು ಮಾಡುವಿರೆಂದು ಕೇಳಿದುದಕ್ಕೆ ಅಜ್ಜಿಯು ಉತ್ತರ ಕೊಡಲಿಲ್ಲ. ತಾಯಿಯು ಮುಖ ತಿರುಗಿಸಿ ತಟ್ಟೆಗಳನ್ನು ಎತ್ತಿದಳು. ಈ ಆಟದ ಬೆಲೆ ಬೂಟಿನ ಬೆಲೆಯಲ್ಲವೆಂದು ಆಗ ನಮಗೆ ಹೊಳೆಯಿತು. ರೀಗಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದ ಜೆಮ್ಗುಸ್ ಗಿರ್ಗೆನ್ಸೊನ್ಸ್ ಎಂಬ ಆಟಗಾರನಿದ್ದಾನೆ. ೨೦೧೫ರಲ್ಲಿ ಅಲ್ಲಿಯ ಶ್ರೇಷ್ಠ ಆಟಗಾರರ ಪ್ರದರ್ಶನ ಪಂದ್ಯಕ್ಕೆ ಪ್ರೇಕ್ಷಕರ ಮತದಿಂದ ಆಟಗಾರರನ್ನು ಆರಿಸಿದಾಗ ಎಲ್ಲರಿಗಿಂತ ಹೆಚ್ಚು ಮತ, ಹದಿನೈದು ಲಕ್ಷಕ್ಕೂ ಮೇಲೆ, ಬಂದುದು ಆತನಿಗೆ. ಒಬ್ಬರು ಹಲವು ಸಲ ಮತ ಹಾಕಬಹುದಾಗಿತ್ತು. ದೂರದ ಊರಿನಲ್ಲಿರುವ ತಮ್ಮ ಹುಡುಗನನ್ನು ಮರೆತಿಲ್ಲವೆಂದು ತಿಳಿಸಲು ಲಾಟ್ವಿಯದ ಮನೆಮನೆಯವರೂ ದಿನದಿನವೂ ಮತ ಹಾಕಿದರು.

ಬಲವಾದವರ ಎದುರಿಗೆ ದುರ್ಬಲರು ಆಡುವಾಗ ಹೆಚ್ಚಿನ ಭಾರವು ಗೋಲಿನ ಕಾವಲುಗಾರನ ಮೇಲೆ ಬೀಳುವುದು. ಅದರಿಂದಲೋ ಏನೋ, ಈ ನಾಡಿನ ವೀರರಲ್ಲಿ ಬಹುಮಂದಿ ಗೋಲುಕಾವಲುಗಾರರೇ. ೨೦೧೪ರ ಫೆಬ್ರವರಿಯಲ್ಲಿ ಸೋಚಿಯ ಒಲಿಂಪಿಕ್ಸ್‌ನಲ್ಲಿ ಕೆನಡಾದ ಹಿರಿಯರು ಇವರ ಗೋಲಿನ ಮೇಲೆ ಐವತ್ತೇಳು ಸಲ ಹೊಡೆದರು. ಕ್ರಿಸ್ಟೆರ್ಸ್ ಗುಡ್ಲೆವ್ಸ್ಕಿಸ್ ಎಂಬ ಇಪ್ಪತ್ತೊಂದು ವರ್ಷದ ತರುಣನು ಐವತ್ತೈದನ್ನು ತಡೆದನು. ಕೆನಡಾ ೨-೧ರಿಂದ ಹೇಗೋ ಪಾರಾಯಿತು. ೨೦೨೧ರ ಮೇ ತಿಂಗಳಲ್ಲಿ, ಸಾಂಕ್ರಾಮಿಕದ ಕಾರಣ ಪ್ರೇಕ್ಷಕರಿಲ್ಲದೆ ಬರಿದಾಗಿದ್ದ ರೀಗಾದ ಮಂದಿರದಲ್ಲಿ, ಮತೀಸ್ ಕಿವ್ಲೆನಿಯೆಕ್ಸ್ ಎಂಬಾತನು ಒಂದು ಗೋಲನ್ನೂ ಬಿಡದೆ ಕಾಯ್ದು ಕೆನಡಾವನ್ನು ೨-೦ಯಿಂದ ಸೋಲಿಸಲು ಕಾರಣನಾದನು. ಜಗತ್ಪಂದ್ಯದಲ್ಲಿ ಕೆನಡಾದ ಮೇಲೆ ಹಿರಿಯರ ತಂಡಕ್ಕೆ ಅದೇ ಮೊದಲ ಜಯ. ಆರು ವಾರ ಕಳೆದಿದ್ದುವು, ಅಷ್ಟೆ. ಜುಲೈ ೪ರಂದು ಅಮೆರಿಕದಲ್ಲಿ ಬಾಣಬಿರುಸು ಸಿಡಿದು ಆತನು ತೀರಿಕೊಂಡನು. ಇಪ್ಪತ್ತನಾಲ್ಕು ವರ್ಷದ ಪ್ರಾಯ. ಅಲ್ಲಿಯ ಹುಡುಗರು ಆತನ ಹೆಸರನ್ನು ಹೇಳುವಾಗ ದನಿ ತಗ್ಗಿಸುವುದನ್ನು ನಾವು ಕೇಳಿದೆವು.

ಕಿರಿಯರ ಅದೃಷ್ಟವು ತಿರುಗಿದುದು ೨೦೨೨ರಲ್ಲಿ. ಆ ವರ್ಷದ ಪಂದ್ಯವು ರೋಗದ ಕಾರಣದಿಂದ ಅರ್ಧದಲ್ಲಿ ನಿಂತು, ಆಗಸ್ಟಿನಲ್ಲಿ ಕೆನಡಾದ ಎಡ್ಮಂಟನ್ ಪಟ್ಟಣದಲ್ಲಿ ಮತ್ತೆ ನಡೆಯಿತು. ಯುಕ್ರೇನಿನ ಯುದ್ಧದಿಂದಾಗಿ ರಷ್ಯವನ್ನು ಹೊರಗಿಟ್ಟಿದ್ದರು. ತೆರವಾದ ಸ್ಥಾನಕ್ಕೆ ಲಾಟ್ವಿಯವನ್ನು ಕರೆದರು. ಹಿಂದೆ ತಮ್ಮನ್ನು ನುಂಗಿದವರ ಸ್ಥಾನದಲ್ಲಿ ಕುಳಿತು ಈ ಹುಡುಗರು ಮೊದಲ ಸಲ ಎಂಟರ ಸುತ್ತನ್ನು ಮುಟ್ಟಿ, ಸ್ವೀಡನ್ನಿಗೆ ೨-೧ರಿಂದ ಸೋತರು. ೨೦೨೩ರಲ್ಲಿ ಕೆಳಗಿಳಿಯುವ ಅಂಚಿಗೆ ಬಂದು ಆಸ್ಟ್ರಿಯವನ್ನು ಸೋಲಿಸಿ ಉಳಿದುಕೊಂಡರು. ಅದೇ ವರ್ಷದ ಮೇ ೨೮ರಂದು ಹಿರಿಯರ ತಂಡವು ಅಮೆರಿಕವನ್ನು ೪-೩ರಿಂದ ಸೋಲಿಸಿ ಕಂಚಿನ ಪದಕವನ್ನು ಗಳಿಸಿದಾಗ, ದೇಶದ ಶಾಸನಸಭೆಯು ನಡುರಾತ್ರಿಯಲ್ಲಿ ಕೂಡಿ, ಮಾರನೆಯ ದಿನವನ್ನು ರಜವೆಂದು ಸಾರಿತು. ಜನಸಾಗರವು ಸ್ವಾತಂತ್ರ್ಯಸ್ತಂಭದ ಸುತ್ತ ನೆರೆಯಿತು. ಒಂದು ಕಾಲದಲ್ಲಿ ಹೂವಿಡಲು ಹೆದರುತ್ತಿದ್ದ ಸ್ಥಳವೇ ಅದು.

ಆ ವರ್ಷದ ಕಡೆಯಲ್ಲಿ ಕಿರಿಯರ ಪಂದ್ಯ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ೨೦೨೩ರ ಡಿಸೆಂಬರ್ ೨೭ರಂದು ಕೆನಡಾ ಇವರನ್ನು ೧೦-೦ಯಿಂದ ಸೋಲಿಸಿತು. ಹದಿನಾಲ್ಕು ವರ್ಷಗಳ ಹಿಂದಿನ ಹದಿನಾರು ಈಗ ಹತ್ತಾಗಿತ್ತು. ಸೊನ್ನೆ ಮಾತ್ರ ಸೊನ್ನೆಯಾಗಿಯೇ ಉಳಿದಿತ್ತು.

ಸರಿಯಾಗಿ ಒಂದು ವರ್ಷದ ಮೇಲೆ, ೨೦೨೪ರ ಡಿಸೆಂಬರ್ ೨೭ರಂದು, ಕೆನಡಾದ ರಾಜಧಾನಿಯಾದ ಒಟ್ಟಾವದಲ್ಲಿ ಎರಡು ತಂಡಗಳೂ ಮತ್ತೆ ಎದುರಾದುವು. ಕೆನಡಾದ ಕಿರಿಯರು ಆ ವೇಳೆಗೆ ಇಪ್ಪತ್ತು ಸಲ ಜಗತ್ತನ್ನು ಗೆದ್ದವರು. ಒಟ್ಟಾವದಲ್ಲಿ ಸಂಜೆಯಾದಾಗ ರೀಗಾದಲ್ಲಿ ನಡುರಾತ್ರಿ ಕಳೆದಿರುವುದು. ಲಾಟ್ವಿಯದ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಬೂದುಬಣ್ಣದ ಬಟಾಣಿಯನ್ನು ಬೇಯಿಸುವರು. ಬಡಿಸಿದುದನ್ನು ಒಂದು ಕಾಳೂ ಉಳಿಯದಂತೆ ತಿಂದರೆ ಬರುವ ವರ್ಷದಲ್ಲಿ ಕಣ್ಣೀರು ಕಡಮೆಯೆಂದು ಅವರ ನಂಬಿಕೆ. ನಮ್ಮ ಅಜ್ಜಿಯೂ ಆ ವರ್ಷ ಎಲ್ಲರ ತಟ್ಟೆಯನ್ನೂ ನೋಡಿ ನೋಡಿ ತಿನ್ನಿಸಿದ್ದರಂತೆ. ಹುಡುಗನಿಗೆ ಮಲಗೆಂದು ಹೇಳಿದರೂ ಅವನು ಮಲಗಲಿಲ್ಲ. ಕಡೆಗೆ ಮೂವರೂ ಕಂಬಳಿ ಹೊದ್ದು ಆಟವನ್ನು ನೋಡುತ್ತ ಕುಳಿತರು.

ಕೆನಡಾದವರು ಮುಂದಾದರು, ಇವರು ಸಮಮಾಡಿದರು, ಕೆನಡಾ ಮತ್ತೆ ಮುಂದಾಯಿತು. ಮೂರನೆಯ ಭಾಗವು ಮುಗಿಯಲು ಮೂರು ನಿಮಿಷವೂ ಇಲ್ಲದಿರುವಾಗ ಇವರು ೨-೨ ಎಂದು ಸರಿಗಟ್ಟಿದರು. ಹೆಚ್ಚಿನ ಹೊತ್ತಿನಲ್ಲಿಯೂ ತೀರ್ಮಾನವಾಗಲಿಲ್ಲ. ಗೋಲಿನಲ್ಲಿ ನಿಂತಿದ್ದವನು ಲಿನಾರ್ಡ್ಸ್ ಫೆಲ್ಡ್‌ಬರ್ಗ್ಸ್. ಅವನು ಆವರೆಗೆ ತಡೆದುದು ಐವತ್ತೈದು ಹೊಡೆತ. ಹತ್ತು ವರ್ಷಗಳ ಹಿಂದೆ ಸೋಚಿಯಲ್ಲಿ ಗುಡ್ಲೆವ್ಸ್ಕಿಸ್ ತಡೆದಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ. ಇನ್ನು ಉಳಿದುದು ಒಬ್ಬೊಬ್ಬನೇ ಬಂದು ಕಾವಲುಗಾರನೊಬ್ಬನನ್ನೇ ಎದುರಿಸಿ ಹೊಡೆಯುವ ಸರದಿ. ಏಳು ಸುತ್ತಿನವರೆಗೆ ಎರಡು ಕಡೆಯವರೂ ಗೋಲು ಕಾಣಲಿಲ್ಲ. ಎಂಟನೆಯ ಸುತ್ತಿನಲ್ಲಿ ಲಾಟ್ವಿಯದ ಎರಿಕ್ಸ್ ಮತೇಯ್ಕೊ ಪಕ್ಕನ್ನು ಬಲೆಗೆ ಸೇರಿಸಿದನು. ಫೆಲ್ಡ್‌ಬರ್ಗ್ಸ್ ಕೆನಡಾದ ಎಂಟು ಮಂದಿಯನ್ನೂ ತಡೆದಿದ್ದನು. ತುಂಬಿದ ಮಂದಿರವು ಮೌನವಾಯಿತು. ಹುಡುಗರು ಕೋಲುಗಳನ್ನು ಎಸೆದು ಒಬ್ಬರ ಮೇಲೊಬ್ಬರು ಬಿದ್ದರು. ಹಲಗೆಯ ಮೇಲೆ ಲಾಟ್ವಿಯಾ ೩, ಕೆನಡಾ ೨ ಎಂದಿತ್ತು.

ಈ ಕಥೆಯನ್ನು ಇಲ್ಲಿಗೆ ಮುಗಿಸಿದರೆ ಸೊಗಸಾಗಿರುವುದು. ಆದರೆ ಮುಂದಿನದನ್ನೂ ಹೇಳಬೇಕು. ಎಂಟರ ಸುತ್ತಿನಲ್ಲಿ ಸ್ವೀಡನ್ ಇವರನ್ನು ೩-೨ರಿಂದ ಸೋಲಿಸಿತು. ಪದಕವಿಲ್ಲ, ಮೆರವಣಿಗೆಯಿಲ್ಲ. ಹುಡುಗರು ತಮ್ಮ ತಮ್ಮ ತಂಡಗಳಿದ್ದ ಊರುಗಳಿಗೆ ಹೊರಟುಹೋದರು; ಬಹುಮಂದಿಗೆ ಅದು ಸ್ವದೇಶವೂ ಅಲ್ಲ. ಇಪ್ಪತ್ತು ತುಂಬಿದವರಿಗೆ ಈ ಪಂದ್ಯವು ಮತ್ತೆ ದೊರೆಯದು. ಅವರ ಸ್ಥಳಕ್ಕೆ ಇನ್ನಷ್ಟು ಎಳೆಯರು ಬರುವರು. ಏಣಿಯು ಹಾಗೆಯೇ ನಿಂತಿರುವುದು.

ಹಾಗಾದರೆ ಆ ನಾಡಿಗೆ ಲಭಿಸಿದುದೇನು? ಒಂದು ರಾತ್ರಿಯ ಸಂತೋಷವೆಂದು ಹೇಳಿದರೆ ಸುಳ್ಳಲ್ಲ, ಪೂರ್ತಿಯೂ ಅಲ್ಲ. ನಮಗೆ ತೋರಿದುದು ಇಷ್ಟು: ದೊಡ್ಡ ದೇಶಕ್ಕೆ ಗೆಲುವು ಅಭ್ಯಾಸ, ಸೋಲು ಅವಮಾನ. ಚಿಕ್ಕ ದೇಶಕ್ಕೆ ಹಾಗಲ್ಲ. ಸೋಲನ್ನು ಮಕ್ಕಳ ಮುಂದೆ ಮುಚ್ಚಿಡದೆ, ಟೆಲಿವಿಷನ್ನನ್ನು ಆರಿಸದೆ, ಸೋತು ಬಂದವನಿಗೆ ಬಿಸಿಯಾದ ಊಟವನ್ನಿಟ್ಟು, ಮರುದಿನ ಆರು ಗಂಟೆಗೆ ಎಬ್ಬಿಸಿ ಕಳುಹಿಸುವ ಮನೆಗಳಿರುವ ತನಕ ಆ ಹೆಸರು ಹಲಗೆಯ ಮೇಲಿರುವುದು. ಸಾಸ್ಕಟೂನಿನಲ್ಲಿ ಹದಿನಾರು ಗೋಲುಗಳನ್ನು ತಿಂದ ಹುಡುಗರು ಅಂದು ಆಟವನ್ನು ಬಿಟ್ಟು ಬಂದಿ‌ದ್ದರೆ, ಆಗ ನಾಲ್ಕೈದು ವರ್ಷದ ಮಕ್ಕಳಾಗಿದ್ದ ಒಟ್ಟಾವದ ಈ ಹುಡುಗರು ಬೂಟು ಕಟ್ಟಿಕೊಳ್ಳುತ್ತಿದ್ದರೆ? ಗೆದ್ದವರ ಹೆಸರು ಎಲ್ಲರಿಗೂ ತಿಳಿಯಿತು. ಆದರೆ ಆ ಜಯದಲ್ಲಿ ಸೋತವರ ಪಾಲೂ ಉಂಟೆಂಬುದನ್ನು ರೀಗಾದ ಜನರು ಮರೆತಿಲ್ಲ. ಎರಡು ಲಕ್ಷ ಹಾಡುಗಳನ್ನು ಒಂದೊಂದಾಗಿ ಎಣಿಸಿ ಇಟ್ಟ ಜನರಿಗೆ ಒಬ್ಬ ಹುಡುಗನನ್ನೂ ಲೆಕ್ಕದಿಂದ ಬಿಡುವುದು ಸಾಧ್ಯವಲ್ಲ.